ಮಳೆಗಾಲದಲ್ಲಿ ಮುರಿದ ಕೈ, ಜೊತೆಗೆ ಕಲಿತ ದೇಹದ ಪಾಠ

ಎಕ್ಸ್‌ರೇ ರಿಪೋರ್ಟ್‌ನಲ್ಲಿ ಇದ್ದದ್ದು ಎರಡೇ ಸಾಲು. ಬಲಗೈಯ ಡಿಸ್ಟಲ್ ರೇಡಿಯಸ್ ಫ್ರ್ಯಾಕ್ಚರ್, ಡಾರ್ಸಲ್ ಡಿಸ್‌ಪ್ಲೇಸ್‌ಮೆಂಟ್. ಅಲ್ನಾ ಮತ್ತು ಕಾರ್ಪಲ್ ಮೂಳೆಗಳು ನಾರ್ಮಲ್. ಓದಲು ಬಂತು, ಅರ್ಥ ಮಾತ್ರ ಆಗಲಿಲ್ಲ. ನನ್ನದೇ ಕೈಯ ಬಗ್ಗೆ ಬರೆದಿದ್ದಾರೆ, ಎಷ್ಟು ಕೆಟ್ಟಿದೆ, ಸರಿಯಾಗುತ್ತಾ ಇಲ್ವಾ ಅಂತ ಆ ಹಾಳೆಯಿಂದ ನನಗೆ ತಿಳಿಯಲೇ ಇಲ್ಲ. ಮುಂದಿನ ತಿಂಗಳುಗಳಲ್ಲಿ ಆ ಪದಗಳು ಒಂದೊಂದಾಗಿ ಬಿಡಿಸಿಕೊಂಡವು. ಅದರಿಂದ ನನ್ನ ಭಯ ಎಷ್ಟೋ ಕಡಿಮೆಯಾಯಿತು. ಡಾಕ್ಟರನ್ನು ಸರಿಯಾದ ಪ್ರಶ್ನೆ ಕೇಳಲು ಬಂತು. ಕೈ ಮುರಿದುಕೊಂಡವರಿಗೆ, ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮ ತೋಟ ನಾಪೋಕ್ಲು ಕಡೆ. ಜುಲೈ ತಿಂಗಳಲ್ಲಿ ಇಲ್ಲಿ ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಅಂಗಳ, ಮೆಟ್ಟಿಲು, ಕೊಟ್ಟಿಗೆ ದಾರಿ, ಎಲ್ಲಿ ನೋಡಿದರೂ ಪಾಚಿ. ಬೆಳಿಗ್ಗೆ ಕೊಟ್ಟಿಗೆಯಿಂದ ಬರುವಾಗ ಕಾಲು ಜಾರಿತು. ಬೀಳುವಾಗ ಯಾರೇ ಆದರೂ ಕೈ ಊರುತ್ತಾರೆ, ನಾನೂ ಊರಿದೆ. ಮೈಭಾರ ಪೂರ್ತಿ ಬಲಗೈ ಅಂಗೈ ಮೇಲೆ ಬಿತ್ತು. ಎದ್ದು ನೋಡಿದರೆ ಮಣಿಕಟ್ಟಿನ ಹತ್ತಿರ ಕೈ ಹಿಂದಕ್ಕೆ ಸೊಟ್ಟಗೆ ಎದ್ದು ನಿಂತಿತ್ತು.

ಪಕ್ಕದ ಮನೆಯವರು ನಾಟಿ ಕಟ್ಟು ಹಾಕಿಸೋಣ ಅಂದರು. ಅವರ ಕಾಳಜಿ ನಿಜವಾದದ್ದು. ಆದರೂ ನಮ್ಮ ಯಜಮಾನರು ಜೀಪ್ ತೆಗೆದು ಸೀದಾ ಮಡಿಕೇರಿಗೆ ಕರೆದುಕೊಂಡು ಹೋದರು. ಅದು ಒಳ್ಳೆಯದೇ ಆಯಿತು ಅಂತ ಈಗ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಮುರಿತ ಮೂಳೆಯ ಯಾವ ಜಾಗದಲ್ಲಿದೆ, ಕೀಲಿನ ಒಳಗೆ ಹೋಗಿದೆಯಾ, ತುಂಡು ಯಾವ ಕಡೆಗೆ ಸರಿದಿದೆ ಅನ್ನುವುದು ಎಕ್ಸ್‌ರೇ ಇಲ್ಲದೆ ಖಚಿತವಾಗುವುದಿಲ್ಲ. ಊತ ಏರುತ್ತಿರುವ ಕೈಗೆ ಬಿಗಿಯಾಗಿ ಕಟ್ಟು ಬಿದ್ದರೆ ರಕ್ತ ಓಡಾಟವೇ ನಿಲ್ಲಬಹುದು.

ಡಾಕ್ಟರು ಮೊದಲು ನೋಡಿದ್ದು ಮುರಿದ ಜಾಗವನ್ನಲ್ಲ, ಬೆರಳುಗಳನ್ನು. ಉಗುರು ಒತ್ತಿ ಬಿಟ್ಟರು, ಬಣ್ಣ ವಾಪಸ್ ಬರುತ್ತಾ ಅಂತ ನೋಡಿದರು. ಒಂದೊಂದು ಬೆರಳ ತುದಿ ಮುಟ್ಟಿ "ಇಲ್ಲಿ ಗೊತ್ತಾಗುತ್ತಾ ಅಮ್ಮ, ಇಲ್ಲಿ?" ಅಂತ ಕೇಳಿದರು. ಹೆಬ್ಬೆರಳ ಬುಡದ ಗುಳಿಯನ್ನೂ ಒತ್ತಿ ನೋಡಿದರು. ಅಲ್ಲಿ ಸ್ಕೇಫಾಯ್ಡ್ ಅನ್ನೋ ಸಣ್ಣ ಮೂಳೆ ಇದೆ, ಅದು ಮುರಿದರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಅದಕ್ಕೇ ಕೈಯಿಂದಲೂ ನೋಡಬೇಕು ಅಂದರು. ಆಮೇಲೆ ಮುರಿದ ಜಾಗಕ್ಕೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಒಬ್ಬರು ಮೊಣಕೈ ಹಿಡಿದರು, ಡಾಕ್ಟರು ಕೈಯನ್ನು ಎಳೆದು, ಹಿಂದಕ್ಕೆ ಸರಿದ ತುಂಡನ್ನು ಮುಂದಕ್ಕೆ ಒತ್ತಿ ಕೂರಿಸಿದರು. ನೋವು ಜಾಸ್ತಿ ಆಗಲಿಲ್ಲ, ಕಟಕ್ ಅಂದದ್ದು ಮಾತ್ರ ಕೇಳಿಸಿತು. ಪ್ಲಾಸ್ಟರ್ ಹಾಕುವಾಗ ಅದು ಬಿಸಿಯಾಯಿತು. ಗಾಬರಿಯಾಗಿ ನೋಡಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಕುಡಿದು ಗಟ್ಟಿಯಾಗುವಾಗ ಶಾಖ ಬಿಡುತ್ತೆ, ಅದು ಸಹಜ ಅಂದರು.

ಇದಕ್ಕೆ ಕೋಲೀಸ್ ಫ್ರ್ಯಾಕ್ಚರ್ ಅಂತಾರೆ. ಅಬ್ರಹಾಂ ಕೋಲೀಸ್ ಅನ್ನೋ ಐರ್ಲೆಂಡಿನ ಸರ್ಜನ್ 1814ರಲ್ಲೇ ಇದನ್ನು ವಿವರಿಸಿ ಬರೆದಿದ್ದರು. ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಎಕ್ಸ್‌ರೇ ಬರುವುದಕ್ಕೆ 80 ವರ್ಷ ಮೊದಲೇ ಕೋಲೀಸ್ ಈ ಮುರಿತವನ್ನು ಗುರುತಿಸಿದ್ದರು. ಈ ವಿಷಯ ಕೇಳಿ ನನಗೆ ಆ ಕೋಲೀಸ್ ಡಾಕ್ಟರ ಮೇಲೆ ಬಹಳ ಗೌರವ ಬಂತು.

ಪಾಠ ಶುರುವಾದದ್ದು ಮನೆಗೆ ಬಂದ ಮೇಲೆ. ನನ್ನ ತಂಗಿಯ ಮಗಳು ಬಿ.ಎಸ್‌ಸಿ. ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದಾಳೆ. ನನ್ನ ಕೈ ಸುದ್ದಿ ಕೇಳಿ ರಜೆಯಲ್ಲಿ ನಮ್ಮ ಮನೆಗೇ ಬಂದಳು. ಹಗಲು ಅಡುಗೆ ಮಾಡುತ್ತಿದ್ದಳು, ಸಂಜೆ ಅನಾಟಮಿ ಪುಸ್ತಕ ಹಿಡಿದು ಒಲೆ ಹತ್ತಿರ ಕೂರುತ್ತಿದ್ದಳು. ದೇಹ ಹೇಗೆ ಕಟ್ಟಿದೆ ಅನ್ನೋದು ಅನಾಟಮಿ, ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಫಿಸಿಯಾಲಜಿ, ಎರಡನ್ನೂ ಒಟ್ಟಿಗೇ ಓದಬೇಕು ದೊಡ್ಡಮ್ಮ ಅಂದಳು. ನಾನು ಆ ರಿಪೋರ್ಟ್ ಕೊಟ್ಟೆ.

"ಎದ್ದು ನಿಂತ್ಕೊಳ್ಳಿ" ಅಂದಳು.

ನೆಟ್ಟಗೆ ನಿಲ್ಲಬೇಕು. ಮುಖ ಮುಂದಕ್ಕೆ, ಪಾದ ಮುಂದಕ್ಕೆ, ಕೈಗಳು ಪಕ್ಕದಲ್ಲಿ, ಅಂಗೈಗಳು ಮುಂದಕ್ಕೆ ತಿರುಗಿರಬೇಕು. ಹೆಬ್ಬೆರಳು ಮೈಯಿಂದ ಹೊರಕ್ಕೆ ಇರುತ್ತೆ. ಇದೇ ಅನಾಟಮಿಕಲ್ ಪೊಸಿಶನ್. ದೇಹದ ಬಗ್ಗೆ ಯಾರೇ ಏನೇ ಬರೆದರೂ ಮನುಷ್ಯ ಹೀಗೆ ನಿಂತಿದ್ದಾನೆ ಅಂತ ಇಟ್ಟುಕೊಂಡೇ ಬರೆಯುತ್ತಾರೆ. ಮಲಗಿರಲಿ, ಬೋರಲು ಬಿದ್ದಿರಲಿ, ಕೈ ತಲೆ ಮೇಲಿರಲಿ, ಹೆಸರು ಬದಲಾಗುವುದಿಲ್ಲ. ಎಡ ಬಲವೂ ರೋಗಿಯದ್ದೇ, ನೋಡುವವರದ್ದಲ್ಲ. ಇದೊಂದು ತಲೆಗೆ ಹೋದರೆ ಉಳಿದದ್ದು ಸಲೀಸು ಅಂತ ನನ್ನ ಅನುಭವ. ಬಲಗೈ ಪ್ಲಾಸ್ಟರ್‌ನಲ್ಲಿತ್ತು, ಎಡಗೈ ಇಟ್ಟುಕೊಂಡೇ ಕಲಿತೆ.

ಮೈಯ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಇದೆ ಅಂದುಕೊಳ್ಳಿ. ಅದಕ್ಕೆ ಹತ್ತಿರ ಇರೋದು ಮೀಡಿಯಲ್, ದೂರ ಇರೋದು ಲ್ಯಾಟರಲ್. ಮೂಗು ಕಣ್ಣಿಗಿಂತ ಮೀಡಿಯಲ್, ಕಿವಿ ಕಣ್ಣಿಗಿಂತ ಲ್ಯಾಟರಲ್. ಮುಂದಿನದು ಆಂಟೀರಿಯರ್, ಹಿಂದಿನದು ಪೋಸ್ಟೀರಿಯರ್. ತಲೆ ಕಡೆಯದು ಸುಪೀರಿಯರ್, ಕಾಲ ಕಡೆಯದು ಇನ್‌ಫೀರಿಯರ್. ಚರ್ಮಕ್ಕೆ ಹತ್ತಿರ ಇದ್ದರೆ ಸೂಪರ್‌ಫಿಶಿಯಲ್, ಒಳಗಿದ್ದರೆ ಡೀಪ್. ಕೈಕಾಲಿಗೆ ಇನ್ನೊಂದು ಜೋಡಿ ಇದೆ, ಪ್ರಾಕ್ಸಿಮಲ್ ಮತ್ತು ಡಿಸ್ಟಲ್. ನಾನು ಅಲ್ಲಿ ತಡವರಿಸಿದಾಗ ಅವಳು ಹೇಳಿದ್ದು ಇಷ್ಟು: "ಕೈಯನ್ನ ಕಾವೇರಿ ಅಂದ್ಕೊಳ್ಳಿ ದೊಡ್ಡಮ್ಮ. ತಲಕಾವೇರಿ ಕಡೆಯದು ಪ್ರಾಕ್ಸಿಮಲ್, ಸಮುದ್ರದ ಕಡೆಯದು ಡಿಸ್ಟಲ್." ಹೆಗಲು ಮೂಲ, ಬೆರಳು ತುದಿ. ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್.

ಈಗ ರಿಪೋರ್ಟ್ ತಾನಾಗಿ ಬಿಡಿಸಿಕೊಂಡಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ರೇಡಿಯಸ್‌ನ ಡಿಸ್ಟಲ್ ಭಾಗ ಅಂದರೆ ಮಣಿಕಟ್ಟಿನ ಕಡೆಯ ತುದಿ, ಅದು ಮುರಿದಿದೆ. ಡಾರ್ಸಲ್ ಅಂದರೆ ಕೈಯ ಹಿಂಬದಿ, ತುಂಡು ಆ ಕಡೆ ಸರಿದಿದೆ. ಕಾರ್ಪಲ್ ಅಂದರೆ ಮಣಿಕಟ್ಟಿನ 8 ಸಣ್ಣ ಮೂಳೆಗಳು, ಅವಕ್ಕೆ ಏನೂ ಆಗಿಲ್ಲ. ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವೆಟ್ರಮ್, ಪಿಸಿಫಾರ್ಮ್ ಅಂತ ಅವಳು ಬಾಯಿಪಾಠ ಮಾಡುವುದನ್ನು ಕೇಳಿ ಕೇಳಿ ನನಗೂ ಅರ್ಧ ಬಂದುಬಿಟ್ಟಿದೆ. ಪಿಸಿಫಾರ್ಮ್ ಯಾರಿಗೆ ಬೇಕಾದರೂ ಸಿಗುತ್ತೆ. ಅಂಗೈ ಬುಡದಲ್ಲಿ ಕಿರುಬೆರಳ ಕಡೆ ಒತ್ತಿ ನೋಡಿ, ಬಟಾಣಿಯಷ್ಟು ಗಟ್ಟಿ ಗಂಟು. ಒಂದು ಕೈಯಲ್ಲಿ ಮಣಿಕಟ್ಟಿನಿಂದ ಬೆರಳ ತುದಿವರೆಗೆ 27 ಮೂಳೆ ಇವೆ. ಇಡೀ ಮೈಯಲ್ಲಿ 206. ಎರಡೂ ಕೈ ಸೇರಿದರೆ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲೇ ಆಯ್ತು ಅಲ್ವಾ!

ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಾವು 'ನರ' ಅಂತ ಎಷ್ಟೊಂದಕ್ಕೆ ಹೇಳುತ್ತೇವೆ. ಕೈ ಮೇಲೆ ನೀಲಿಯಾಗಿ ಕಾಣೋದು ನರ, ಎಳೆದು ಹಿಡಿಯೋದು ನರ, ಜುಮ್ ಅನ್ನೋದೂ ನರ. ದಿನದ ಮಾತಿಗೆ ಅದು ಸಾಕು. ಆದರೆ ಕೈ ಪ್ಲಾಸ್ಟರ್‌ನಲ್ಲಿ ಇರುವಾಗ ಈ ಮೂರನ್ನು ಬೇರೆ ಬೇರೆ ಗುರುತಿಸಲು ಬರಲೇಬೇಕು. ನೀಲಿ ಕಾಣೋದು ಅಭಿಧಮನಿ, ವೇನ್ ಅಂತಾರೆ, ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುತ್ತೆ. ಮಾಂಸಖಂಡವನ್ನು ಮೂಳೆಗೆ ಕಟ್ಟಿರೋದು ಟೆಂಡನ್. ಮೂಳೆಯನ್ನು ಮೂಳೆಗೆ ಕಟ್ಟಿರೋದು ಲಿಗಮೆಂಟ್. ಮುಟ್ಟಿದ್ದನ್ನು ಮಿದುಳಿಗೆ ತಿಳಿಸಿ, ಅಲ್ಲಿಂದ ಅಪ್ಪಣೆ ತರೋದು ನರ್ವ್.

ಎರಡನೇ ವಾರ ನನಗೆ ಕೈ ಜುಮ್ ಅನ್ನಲು ಶುರುವಾಯಿತು. ಸುಮ್ನೆ ನರ ಹಿಡಿದಿರಬೇಕು ಅಂತ ಮನೆಯವರೆಲ್ಲ ಅಂದರು. ತಂಗಿ ಮಗಳು ಮಾತ್ರ ಯಾವ ಬೆರಳು ಅಂತ ಕೇಳಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅದು ಮೀಡಿಯನ್ ನರ್ವ್‌ನ ಜಾಗ. ಮಣಿಕಟ್ಟಿನ ಮುಂಬದಿಯಲ್ಲಿ ಕಾರ್ಪಲ್ ಟನಲ್ ಅನ್ನೋ ಇಕ್ಕಟ್ಟಾದ ದಾರಿ ಇದೆ. ಅದರೊಳಗೆ 9 ಟೆಂಡನ್‌ಗಳ ಜೊತೆ ಈ ನರ್ವ್ ಹೋಗುತ್ತೆ. ಊತ ಇದ್ದರೆ ಅಲ್ಲಿ ಒತ್ತುತ್ತೆ. ಕಿರುಬೆರಳು, ಉಂಗುರದ ಬೆರಳಿನ ಅರ್ಧ ಜುಮ್ ಅಂದಿದ್ದರೆ ಅದು ಅಲ್ನಾರ್ ನರ್ವ್. ಅವತ್ತೇ ಫೋನ್ ಮಾಡಿ ಮೂರು ಬೆರಳಿನ ಹೆಸರು ಹೇಳಿದೆ. ಕಾಯದೆ ಬನ್ನಿ ಅಂದರು. ಪ್ಲಾಸ್ಟರ್ ಸೀಳಿ ಸಡಿಲ ಮಾಡಿ, ಎಕ್ಸ್‌ರೇ ತೆಗೆದು, ಮೂಳೆ ಜಾರಿಲ್ಲ ಅಂತ ನೋಡಿ, ಹೊಸದಾಗಿ ಹಾಕಿದರು. ಜುಮ್ ಅನ್ನೋದು ನಿಧಾನಕ್ಕೆ ಹೋಯಿತು. ಬೆರಳು ತಣ್ಣಗಾದರೆ, ನೀಲಿಯಾದರೆ, ಸ್ಪರ್ಶ ತಿಳಿಯದೇ ಹೋದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ ರಾತ್ರಿಯಾದರೂ ಸರಿ, ಮಳೆಯಾದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ಇದನ್ನು ದಯವಿಟ್ಟು ನೆನಪಿಡಿ.

ಊತ ಇಳಿಯಲು ಹೇಳಿದ್ದು ಎರಡು ಕೆಲಸ. ಕೈಯನ್ನು ಎದೆಗಿಂತ ಮೇಲೆ ಇಡುವುದು, ಬೆರಳು ಆಡಿಸುತ್ತಲೇ ಇರುವುದು. ಅಭಿಧಮನಿಯಲ್ಲಿ ರಕ್ತ ಮೇಲಕ್ಕೆ ಹೋಗಲು ಸುತ್ತಲಿನ ಮಾಂಸಖಂಡ ಹಿಂಡಬೇಕು. ಬೆರಳು ಆಡಿಸುವ ಮಾಂಸಖಂಡಗಳಲ್ಲಿ ಬಲವಾದವು ಬೆರಳಲ್ಲಿ ಇಲ್ಲ, ಮುಂಗೈಯಲ್ಲಿವೆ. ಮೊಣಕೈ ಕೆಳಗೆ ಕೈಯಿಟ್ಟು ಬೆರಳು ಮಡಚಿ ಬಿಚ್ಚಿ ನೋಡಿ, ಒಳಗೆ ಅಲುಗಾಡೋದು ಸಿಗುತ್ತೆ. ಅಲ್ಲಿಂದ ಉದ್ದನೆಯ ಟೆಂಡನ್‌ಗಳು ಬೆರಳವರೆಗೆ ಬಂದಿವೆ. ಬೆರಳು ಆಡಿಸಿದರೆ ಮುಂಗೈಯೆಲ್ಲ ದುಡಿಯುತ್ತೆ ಅಂತ ಗೊತ್ತಾದ ಮೇಲೆ ಬೇಜಾರಿಲ್ಲದೆ ಆಡಿಸಿದೆ.

ಇಷ್ಟರಲ್ಲಿ ಆಟಿ ತಿಂಗಳ 18ನೇ ದಿನ ಬಂತು. ಕಕ್ಕಡ ಪದಿನೆಟ್ಟ್ ಅಂತ ಕೊಡವರು ಕರೆಯುವ ದಿನ, ಆಗಸ್ಟ್ 3ರ ಸುಮಾರಿಗೆ ಬರುತ್ತೆ. ಮದ್ದುಸೊಪ್ಪು ಬೇಯಿಸಿ, ಆ ಕಡುನೇರಳೆ ನೀರಿನಲ್ಲಿ ಪಾಯಸ ಮಾಡಿ ತಿಂದೆವು. ಮಾರನೇ ದಿನ ಮೂತ್ರ ಕೆಂಪಾಗೋದು ಇಲ್ಲಿ ಎಲ್ಲರಿಗೂ ಗೊತ್ತು. ಆ ಬಣ್ಣ ಹೊಟ್ಟೆಯಿಂದ ಅಲ್ಲಿಗೆ ಹೇಗೆ ಹೋಯಿತು ಅನ್ನೋ ಪಾಠ ಅವತ್ತು ಸಂಜೆ ನಡೆಯಿತು. ಸಣ್ಣ ಕರುಳು ಹೀರಿಕೊಂಡದ್ದು ರಕ್ತಕ್ಕೆ ಸೇರುತ್ತೆ, ರಕ್ತ ಮೂತ್ರಪಿಂಡಕ್ಕೆ ಹೋಗುತ್ತೆ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಅಂದರೆ ಸಣ್ಣ ಸಣ್ಣ ಸೋಸುವ ಘಟಕಗಳು. ದಿನಕ್ಕೆ ಹತ್ತಿರ ಹತ್ತಿರ 180 ಲೀಟರ್ ಸೋಸುತ್ತವೆ, ಅದರಲ್ಲಿ ಬಹುಪಾಲನ್ನು ವಾಪಸ್ ಹೀರಿಕೊಂಡು ಒಂದೂವರೆ, ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಇಷ್ಟು ವರ್ಷ ಆ ಪಾಯಸ ತಿಂದಿದ್ದೇನೆ, ಈ ದಾರಿಯನ್ನು ಯೋಚಿಸಿರಲಿಲ್ಲ. ನನಗೆ ಬಹಳ ಖುಷಿಯಾಯಿತು.

ಪ್ಲಾಸ್ಟರ್ ಒಳಗೆ ಏನಾಗುತ್ತಿದೆ ಅಂತಲೂ ಕೇಳಿದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತೆ. ಹಾಳಾದದ್ದನ್ನು ತೆಗೆಯುವ ಜೀವಕೋಶಗಳು ಬರುತ್ತವೆ, ಮೊದಲ ದಿನಗಳ ಊತ, ಬಿಸಿ ಅದರದ್ದೇ. ಎರಡು ಮೂರು ವಾರದೊಳಗೆ ಮೆತ್ತನೆಯ ಕ್ಯಾಲಸ್ ಕಟ್ಟುತ್ತೆ, ಮೃದ್ವಸ್ಥಿ ಜಾಸ್ತಿ ಇರುವ ಬೆಸುಗೆ ಅದು. ಆಮೇಲೆ ಆಸ್ಟಿಯೋಬ್ಲಾಸ್ಟ್ ಅನ್ನೋ ಕೋಶಗಳು ಅದನ್ನು ಗಟ್ಟಿ ಮೂಳೆ ಮಾಡುತ್ತವೆ. ಆಸ್ಟಿಯೋಕ್ಲಾಸ್ಟ್‌ಗಳು ಹೆಚ್ಚಾದದ್ದನ್ನು ಕರಗಿಸಿ ಆಕಾರಕ್ಕೆ ತರುತ್ತವೆ. ಈ ಕೊನೆಯ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತೆ. ಮೂಳೆ ಸತ್ತ ವಸ್ತು ಅಲ್ಲ, ಅದರೊಳಗೆ ರಕ್ತ ಓಡುತ್ತೆ, ದಿನವೂ ಕಟ್ಟುತ್ತೆ, ದಿನವೂ ಕರಗುತ್ತೆ ಅಂತ ಕೇಳಿದ ಮೇಲೆ ಆ ಪ್ಲಾಸ್ಟರ್ ಕೈಯನ್ನು ನೋಡುವ ನನ್ನ ಮನಸ್ಸೇ ಬೇರೆಯಾಯಿತು.

ಆರು ವಾರದ ಹೊತ್ತಿಗೆ ಪ್ಲಾಸ್ಟರ್ ತೆಗೆದರು. ಕೈಲ್‌ಪೊಳ್ದ್ ಹಬ್ಬದ ಓಡಾಟ ಶುರುವಾಗಿತ್ತು. ಮುಂಗೈ ಸೊರಗಿತ್ತು, ಚರ್ಮ ಸುಲಿಯುತ್ತಿತ್ತು, ಮಣಿಕಟ್ಟು ಅಲ್ಲಾಡಲೇ ಇಲ್ಲ. ಮೂಳೆ ಕೂಡಿದೆ, ಇನ್ನು ಕೈ ಕೂಡಬೇಕು ಅಂದರು ಡಾಕ್ಟರು. ನಿಜವಾಗಿ ಕಷ್ಟದ ಕಾಲ ಇದೇ. ಪ್ಲಾಸ್ಟರ್ ತೆಗೆದ ಕೂಡಲೇ ಎಲ್ಲ ಮುಗಿಯಿತು ಅಂತ ತುಂಬ ಜನ ಫಿಸಿಯೋಥೆರಪಿ ಬಿಟ್ಟುಬಿಡುತ್ತಾರಂತೆ. ದಯವಿಟ್ಟು ಬಿಡಬೇಡಿ.

ಫಿಸಿಯೋಥೆರಪಿಸ್ಟ್ ತಾಳ್ಮೆಯ ಹುಡುಗಿ. ಗೋನಿಯೋಮೀಟರ್ ಅನ್ನೋ ಕೋನ ಅಳೆಯುವ ಪಟ್ಟಿ ಹಿಡಿದು ಒಂದೊಂದು ಚಲನೆಯನ್ನೂ ಅಳೆದು ಬರೆದುಕೊಂಡಳು. ಮಣಿಕಟ್ಟನ್ನು ಅಂಗೈ ಕಡೆ ಬಗ್ಗಿಸೋದು ಫ್ಲೆಕ್ಷನ್. ಹಿಂದಕ್ಕೆ ಎತ್ತೋದು ಎಕ್ಸ್‌ಟೆನ್ಷನ್. ಹೆಬ್ಬೆರಳ ಕಡೆ ವಾಲಿಸೋದು ರೇಡಿಯಲ್ ಡೀವಿಯೇಷನ್, ಕಿರುಬೆರಳ ಕಡೆ ವಾಲಿಸೋದು ಅಲ್ನಾರ್ ಡೀವಿಯೇಷನ್. ಕಾಫಿ ಹಣ್ಣು ಕೀಳುವಾಗ, ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ ಇವು ಯಾವುದಾದರೂ ಎರಡು ಮೂರು ಒಟ್ಟಿಗೆ ಆಗುತ್ತಿರುತ್ತವೆ. ಮನೆಯಲ್ಲಿ ಕೆಲಸ ಮಾಡುತ್ತಲೇ ಇದು ಯಾವುದು, ಅದು ಯಾವುದು ಅಂತ ಗುರುತಿಸುವುದು ನನಗೆ ಅಭ್ಯಾಸವಾಯಿತು. ನಾನೇ ಮಾಡಿದರೆ ಆಕ್ಟಿವ್, ಅವಳು ನನ್ನ ಕೈ ಹಿಡಿದು ಮಾಡಿಸಿದರೆ ಪ್ಯಾಸಿವ್. ಎರಡರ ಅಳತೆಯೂ ಬೇರೆ ಬರುತ್ತೆ. ಪ್ಯಾಸಿವ್ ಚೆನ್ನಾಗಿದ್ದು ಆಕ್ಟಿವ್ ಕಡಿಮೆ ಇದ್ದರೆ ಕೀಲು ಬಿಡುತ್ತಿದೆ, ಮಾಂಸಖಂಡದ ಬಲ ಸಾಲದು ಅಥವಾ ಟೆಂಡನ್ ಸರಿಯಾಗಿ ಎಳೆಯುತ್ತಿಲ್ಲ ಅಂತ ಲೆಕ್ಕ.

ನನಗೆ ಸತಾಯಿಸಿದ್ದು ಸುಪೈನೇಷನ್. ಮೊಣಕೈ ಮಡಚಿ ಅಂಗೈಯನ್ನು ಮೇಲಕ್ಕೆ ತಿರುಗಿಸೋದು ಸುಪೈನೇಷನ್, ಕೆಳಕ್ಕೆ ತಿರುಗಿಸೋದು ಪ್ರೊನೇಷನ್. ಇದು ಮಣಿಕಟ್ಟಿನ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಅದು ಮುಂಗೈಯ ಎರಡು ಮೂಳೆಗಳ ಕೆಲಸ. ಅಲ್ನಾ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತೆ, ರೇಡಿಯಸ್ ಅದರ ಮೇಲೆ ಅಡ್ಡ ಹೊರಳುತ್ತೆ. ಅಂಗೈ ಮೇಲಿದ್ದಾಗ ಎರಡೂ ಮೂಳೆ ಪಕ್ಕಪಕ್ಕ, ಕೆಳಗಾದಾಗ ಕತ್ತರಿ. ಆ ಹೊರಳುವ ಮೂಳೆಯ ತುದಿಯೇ ನನ್ನದು ಮುರಿದದ್ದು. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ತಿರುಗಬೇಕು, ನನ್ನದು ಶುರುವಿನಲ್ಲಿ 20 ಡಿಗ್ರಿ. ಚಿಲ್ಲರೆ ಇಸ್ಕೊಳ್ಳಲು ಆಗುತ್ತಿರಲಿಲ್ಲ, ಮುಖ ತೊಳೆಯಲು ನೀರು ಹಿಡಿಯಲು ಆಗುತ್ತಿರಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಸಣ್ಣ ಸುತ್ತಿಗೆ ಹಿಡಿದು, ಅದರ ಭಾರಕ್ಕೇ ಕೈಯನ್ನು ಹೊರಳಿಸಬೇಕು. ಮೊಣಕೈ ಪಕ್ಕೆ ಬಿಟ್ಟರೆ ಹೆಗಲು ಮೋಸ ಮಾಡುತ್ತೆ, ಕೈ ತಿರುಗಿದ ಹಾಗೆ ಕಾಣುತ್ತೆ, ಮುಂಗೈ ತಿರುಗಿರುವುದಿಲ್ಲ. ಬಿಸಿನೀರಲ್ಲಿ ಕೈ ಇಟ್ಟು, ಆಮೇಲೆ ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿದೆ. ಕೆಲವು ದಿನ ಅಳುವೇ ಬಂತು.

ತುಲಾ ಸಂಕ್ರಮಣ ಬಂತು. ತಲಕಾವೇರಿಗೆ ಹೋದವರು ತೀರ್ಥ ತಂದು ಮನೆಮನೆಗೆ ಕೊಡುತ್ತಾರಲ್ಲ, ನಮ್ಮ ಮನೆಗೂ ಬಂತು. ಬಲಗೈ ಮುಂದೆ ಮಾಡಿ ಅಂಗೈ ಮೇಲೆ ತಿರುಗಿಸಿ ಗುಳಿ ಮಾಡಿದೆ. ತೀರ್ಥ ನಿಂತಿತು. ತಂಗಿ ಮಗಳಿಗೆ ಫೋನ್ ಮಾಡಿ ಹೇಳಿದರೆ "ಸುಪೈನೇಷನ್ ಬಂತಾ ದೊಡ್ಡಮ್ಮ!" ಅಂತ ಕೂಗಿಬಿಟ್ಟಳು.

ಇನ್ನೊಂದು ಕೆಲಸ ಬಾಕಿ ಇತ್ತು. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿದರೆ, ಅದೂ ಮುಟ್ಟು ನಿಂತ ಹೆಂಗಸರಿಗೆ, ಮೂಳೆಯ ಸಾಂದ್ರತೆ ನೋಡಬೇಕು ಅಂದಿದ್ದರು ಡಾಕ್ಟರು. ಮೈಸೂರಿಗೆ ಹೋಗಿ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಬಟ್ಟೆ ಹಾಕಿಕೊಂಡೇ ಮಲಗಿದರೆ ಸಾಕು, ಸೂಜಿ ಇಲ್ಲ, ನೋವಿಲ್ಲ. ಟಿ-ಸ್ಕೋರ್ ಅಂತ ಒಂದು ಸಂಖ್ಯೆ ಬರುತ್ತೆ. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಹೇಳುವ ಲೆಕ್ಕ. ಮೈನಸ್ 1ರವರೆಗೆ ಸರಿ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಆಸ್ಟಿಯೋಪೀನಿಯಾ, ಅಂದರೆ ಮೂಳೆಯ ಸಾಂದ್ರತೆ ಸ್ವಲ್ಪ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ಸವೆದಿದೆ. ನನ್ನ ಬೆನ್ನುಮೂಳೆಯದ್ದು ಮೈನಸ್ 2.7 ಬಂತು. ವಿಟಮಿನ್ ಡಿ ಕೂಡ ಕಡಿಮೆ ಇತ್ತು.

ಇಲ್ಲಿ ಫಿಸಿಯಾಲಜಿ ನನಗೆ ಬಹಳ ಸಹಾಯ ಮಾಡಿತು. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಮೂಳೆ, ಹಲ್ಲಿನಲ್ಲಿದೆ. ಉಳಿದ ಸ್ವಲ್ಪವೇ ರಕ್ತದಲ್ಲಿ, ಜೀವಕೋಶಗಳಲ್ಲಿ ಇರೋದು. ಹೃದಯ ಬಡಿಯಲು, ಮಾಂಸಖಂಡ ಕುಗ್ಗಲು, ನರ್ವ್ ಕೆಲಸ ಮಾಡಲು ರಕ್ತದ ಆ ಮಟ್ಟ ಏರುಪೇರಾಗಬಾರದು. ಹೀಗೆ ಒಳಗಿನ ಸ್ಥಿತಿಯನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳೋದಕ್ಕೆ ಹೋಮಿಯೋಸ್ಟಾಸಿಸ್ ಅಂತ ಹೆಸರು. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಸಾಮಾನ್ಯವಾಗಿ 4 ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಕೂಡಲೇ ಅವು ಹಾರ್ಮೋನ್ ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಊಟದಿಂದ ಬರದಿದ್ದರೆ, ಬಂದದ್ದನ್ನು ಕರುಳು ಹೀರಿಕೊಳ್ಳದಿದ್ದರೆ, ಮೂಳೆಯೇ ಕೊಡಬೇಕು. ಅದಕ್ಕೇ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಸರಿಯಾಗಿ ಬಂದರೂ ಮೂಳೆ ಸವೆದಿರಬಹುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಆಗ ಕಟ್ಟುವುದಕ್ಕಿಂತ ಕರಗುವುದು ಜಾಸ್ತಿ ಆಗುತ್ತೆ. ಕರುಳು ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ ಬೇಕು. ಅದು ಬಿಸಿಲಿಗೆ ಚರ್ಮದಲ್ಲಿ ತಯಾರಾಗಿ, ಯಕೃತ್ತಿಗೆ ಹೋಗಿ, ಮೂತ್ರಪಿಂಡದಲ್ಲಿ ಕೆಲಸಕ್ಕೆ ಬರುವ ರೂಪ ಪಡೆಯುತ್ತೆ. ನಮಗೆ ಜೂನ್‌ನಿಂದ ಬಿಸಿಲೆಲ್ಲಿದೆ? ಹೊರಗೆ ಹೋದರೂ ಪ್ಲಾಸ್ಟಿಕ್ ಕೊಪ್ಪೆ, ಛತ್ರಿ.

ಊಟವನ್ನೂ ಸ್ವಲ್ಪ ಬದಲಾಯಿಸಿದೆವು. ನಮ್ಮ ಕಡೆ ಎಲ್ಲ ಅಕ್ಕಿ. ಅಕ್ಕಿರೊಟ್ಟಿ, ಕಡುಬು, ನೂಪುಟ್ಟು. ಕುಶಾಲನಗರ ಕಡೆಯವರಿಗೆ ರಾಗಿ ಹೊಸದಲ್ಲ, ನಮ್ಮ ಮನೆಗೆ ಈಗ ಬಂತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಮೂಳೆಗೆ ಅಂತ ಡಾಕ್ಟರು ಬರೆದುಕೊಟ್ಟ ವಾರಕ್ಕೊಂದು ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಕೂರಬೇಕು. ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತೆ ಅನ್ನೋದು ಕಾರಣ. ಕಾರಣ ಗೊತ್ತಿರುವುದರಿಂದ ತಪ್ಪಿಸುವ ಮನಸ್ಸಾಗುವುದಿಲ್ಲ.

ಈಗ ಸುಪೈನೇಷನ್ 75 ಡಿಗ್ರಿ ಇದೆ, ಎಕ್ಸ್‌ಟೆನ್ಷನ್ ಇನ್ನೂ ಸ್ವಲ್ಪ ಬರಬೇಕು. ಕಾಫಿ ಕೊಯ್ಲಿಗೆ ಹೋಗಬಹುದು, ಭಾರದ ಚೀಲ ಮಾತ್ರ ಎತ್ತಬೇಡಿ ಅಂದಿದ್ದಾರೆ. ಕೊಟ್ಟಿಗೆ ದಾರಿಗೆ ಯಜಮಾನರು ಒರಟು ಕಲ್ಲು ಹಾಸಿ, ಒಂದು ಕಡೆ ಹಿಡಿದುಕೊಳ್ಳಲು ಪೈಪ್ ಕಟ್ಟಿಸಿದ್ದಾರೆ. ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಅವರ ಡೆಕ್ಸಾ ಇನ್ನೂ ಆಗಿಲ್ಲ. ಮುಂದಿನ ಸಲ ಮೈಸೂರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.